ಸೋರದ ಮನೆಯ ಶೆಗಡಿ

ನಮ್ಮ ಮನೆಯಲ್ಲಿ ದೆವ್ವ ಇಲ್ಲ. ಈ ಮಾತನ್ನು ನಾನು ಇಸಳೂರಿನ ಗೇಟು ಗೇಟಿನ ಮುಂದೆ ನಿಂತು ಹೇಳಿದ್ದೇನೆ, ಹಾಲಿನ ಡೇರಿಯಲ್ಲಿ ಹೇಳಿದ್ದೇನೆ, ಶಿರಸಿ ಬಸ್ಸಿನಲ್ಲಿ ಪಕ್ಕದಲ್ಲಿ ಕೂತಿದ್ದ ಗುರುತು ಪರಿಚಯ ಇಲ್ಲದ ಮನುಷ್ಯನಿಗೂ ಹೇಳಿದ್ದೇನೆ. ಆತ ಮುಂದಿನ ಸ್ಟಾಪಿನಲ್ಲಿ ಇಳಿದುಹೋದ. ಯಾರೂ ನಂಬುತ್ತಿಲ್ಲ. ಅದಕ್ಕೇ ನಡೆದದ್ದನ್ನು ನಡೆದ ಹಾಗೆ ಬರೆದಿಡುತ್ತಿದ್ದೇನೆ.

ನನ್ನ ಹೆಸರು ಶಿವಪುತ್ರಪ್ಪ. ಶಿರಸಿ ಪೇಟೆಯ ಒಂದು ಹಾರ್ಡ್‌ವೇರ್ ಅಂಗಡಿಯ ಕೌಂಟರಿನ ಹಿಂದೆ ಇಪ್ಪತ್ತೆರಡು ವರ್ಷದಿಂದ ನಿಂತಿದ್ದೇನೆ. ಈ ಇಪ್ಪತ್ತೆರಡು ವರ್ಷದಲ್ಲಿ ನಾನು ಕೇಳಿದ ಕಷ್ಟ ಒಂದೇ: ಸೋರುತ್ತದೆ. ಮಾಡು ಸೋರುತ್ತದೆ, ಗೋಡೆ ಸೋರುತ್ತದೆ, ಕಿಟಕಿಯ ಸಂದಿನಿಂದ ನೀರು ಬಂದು ಹಾಸಿಗೆ ನೆನೆಯುತ್ತದೆ. ನಮ್ಮ ಕಡೆಯ ಜನ ಸಾವಿಗಿಂತ ಸೋರುವುದಕ್ಕೇ ಹೆಚ್ಚು ಹೆದರುತ್ತಾರೆ. ಹಾಗಾಗಿ ನಾನೇ ಇಸಳೂರಿನಲ್ಲಿ ಮನೆ ಕಟ್ಟಿಸುವ ಕಾಲ ಬಂದಾಗ ಒಂದೇ ಒಂದು ಪಣ ತೊಟ್ಟೆ. ಒಂದು ತೊಟ್ಟು ನೀರು ಒಳಗೆ ಬರಬಾರದು.

ಕಿಟಕಿಗಳ ಸುತ್ತ ನಾನೇ ಕೈಯಾರೆ ಸಂದಿ ಮುಚ್ಚುವ ಸಿಲಿಕೋನ್ ಅಂಟು ಹಾಕಿದೆ. ಬಾಗಿಲುಗಳಿಗೆ ರಬ್ಬರ್ ಪಟ್ಟಿ ಬಡಿದೆ. ಮೇಸ್ತ್ರಿ ಗೋಡೆಯ ಮೇಲ್ಗಡೆ ಬಿಟ್ಟಿದ್ದ ಗಾಳಿಕಿಂಡಿಗಳನ್ನು ನೋಡಿ ಅವನ ಬುದ್ಧಿಗೆ ಮರುಗಿ, ಅವಕ್ಕೂ ಸಿಮೆಂಟು ಮೆತ್ತಿಸಿದೆ. ಮೊದಲ ಮಳೆ ಹೊಯ್ದ ದಿನ ಪಕ್ಕದ ಮನೆಯ ವೆಂಕಟ್ರಮಣ ಹೆಗಡೆಯವರನ್ನು ಕರೆದು ಕೋಣೆ ಕೋಣೆ ತೋರಿಸಿದೆ. ಅವರು ಕುತ್ತಿಗೆ ಮೇಲೆತ್ತಿಕೊಂಡೇ ಮನೆಯೆಲ್ಲ ತಿರುಗಿ, "ಒಂದು ಹನಿ ಇಲ್ಲೆ ಮಾರಾಯ್ರೆ!" ಎಂದರು. ಅವರ ಕಣ್ಣಲ್ಲಿ ಹೊಟ್ಟೆಕಿಚ್ಚು ಕಂಡು ನನಗೆ ಬಹಳ ಸಮಾಧಾನವಾಯಿತು.

ಇದೆಲ್ಲ ಮಾಡಿದ್ದು ಅವ್ವನಿಗಾಗಿ. ನನ್ನ ಅವ್ವ ಪಾರ್ವತವ್ವನಿಗೆ ಎಂಬತ್ತೆರಡು. ಬನವಾಸಿ ಹತ್ತಿರದ ಊರಿನಲ್ಲಿ ನನ್ನ ತಮ್ಮ ಶರಣನ ಜೊತೆ ಇರುತ್ತಾಳೆ. ಪ್ರತಿ ವರ್ಷ ನನ್ನಲ್ಲಿಗೂ ಬರುತ್ತಾಳೆ, ಪ್ರತಿ ವರ್ಷ ಹದಿನೈದನೇ ದಿನಕ್ಕೆ ಸೀರೆ ಮಡಿಸುತ್ತಾಳೆ. ಒಂದು ವರ್ಷ ಸೊಳ್ಳೆ ಎಂದಳು, ಇನ್ನೊಂದು ವರ್ಷ ಕುಕ್ಕರಿನ ಸೀಟಿ ಎಂದಳು, ಮತ್ತೊಂದು ವರ್ಷ ಬಾಡಿಗೆ ಮನೆಯ ಮೆಟ್ಟಿಲು ಎಂದಳು. ಹಿರಿಮಗ ನಾನು. ಅವ್ವ ನನ್ನ ಮನೆಯಲ್ಲಿ ಇರಬೇಕು, ಅಷ್ಟೇ ನನ್ನ ಆಸೆ. ಹೊಸ ಮನೆಯಲ್ಲಿ ಬೆಳಗಿನ ಬಿಸಿಲು ಬೀಳುವ ಮೂಲೆಯ ಕೋಣೆಯನ್ನು ಅವಳಿಗೆಂದೇ ಕಟ್ಟಿಸಿದ್ದೆ.

ಡಿಸೆಂಬರಿನಲ್ಲಿ ಅವ್ವ ಬಂದಳು. ಮನೆಯನ್ನು ಸುತ್ತಿ ನೋಡಿ, ಮೂರನೇ ದಿನ ನನ್ನನ್ನು ಕರೆದಳು.

"ತಮ್ಮಾ, ಮನಿ ಚಂದ ಐತಿ. ಆದ್ರ ಈ ಟೈಲ್ಸಿನ ಥಂಡಿ ಕಾಲು ಕಡ್ಯಾಕತ್ತೈತಿ. ನನಗೊಂದು ಶೆಗಡಿ ತಂದ್ಕೊಡು. ನಾಕು ಕೆಂಡ ಹಾಕ್ಕೊಂಡು ಹೊರಗ ಕಟ್ಟಿ ಮ್ಯಾಲ ಕುಂದರ್ತೀನಿ."

"ಹೊರಗ? ಜನ ಏನಂತಾರವ್ವಾ? ಇಷ್ಟು ದೊಡ್ಡ ಮನಿ ಕಟ್ಸಿ ಅವ್ವನ್ನ ಹೊರಗ ಕುಂದ್ರಿಸ್ಯಾನ ಅನ್ನೂದಿಲ್ಲೇನು?"

"ಅಂದ್ರ ಅನ್ಲಿ ಬಿಡೋ. ನಾ ಏನ್ ಅವರ ಮನಿ ಕಟ್ಟಿ ಮ್ಯಾಲ ಕುಂದರ್ತೀನೇನು?"

ಅವಳ ಮಾತು ಕೇಳಿದ್ದರೆ ಈ ಬರಹದ ಅಗತ್ಯವೇ ಇರುತ್ತಿರಲಿಲ್ಲ.

ಯಲ್ಲಾಪುರ ರಸ್ತೆಯಲ್ಲಿ ಒಂದು ಹೋಂಸ್ಟೇ ಮುಚ್ಚಿ, ಸಾಮಾನು ಮಾರುತ್ತಿದ್ದರು. ಅಲ್ಲಿಂದ ನಾನು ತಂದ ಶೆಗಡಿ ಸಾಮಾನ್ಯದ್ದಲ್ಲ. ಎದೆಮಟ್ಟ ಎತ್ತರ, ದೊಡ್ಡ ಹೊಟ್ಟೆ, ಹೊಟ್ಟೆಗೊಂದು ಜಾಲರಿ ಬಾಗಿಲು, ಕೆಳಗೆ ಸಿಂಹದ ಪಂಜದಂಥ ನಾಲ್ಕು ಕಾಲು. ಪ್ರವಾಸಿಗಳು ಅಂಗಳದಲ್ಲಿ ಅದರ ಸುತ್ತ ಕೂತು ಚಳಿ ಕಾಯಿಸಿಕೊಳ್ಳುತ್ತಿದ್ದರಂತೆ. ಟೆಂಪೋದಿಂದ ಇಳಿಸುವಾಗ ಹೆಗಡೆಯವರು ಕಾಂಪೌಂಡು ದಾಟಿ ಬಂದರು. ಅದರ ಬೆನ್ನಿಗೆ ತಗಡಿನ ಒಂದು ಚೀಟಿ ಅಂಟಿತ್ತು. ಹೆಗಡೆಯವರು ಕನ್ನಡಕ ಏರಿಸಿ ಓದಿದರು.

"ಹೊರಾಂಗಣದಲ್ಲಿ ಮಾತ್ರ ಬಳಸಿ ಅಂತ ಬರ್ದಿದಾರಲ್ರೋ?"

"ಹೆಗಡೇರೆ, ಡಬ್ಬಿಗಳ ಮಧ್ಯದಲ್ಲೇ ಬದುಕಿದವ ನಾನು. ಮಕ್ಕಳ ಕೈಗೆ ಸಿಗದ ಹಾಗೆ ಇಡಿ ಅಂತ ಮೊಳೆ ಪಾಕೀಟಿನ ಮೇಲೂ ಬರೀತಾರೆ. ಕಂಪನಿಯವರ ಚಟ ಅದು. ಒಳಗಿಟ್ಟರೆ ತೊಂದರೆ ಯಾವುದರಿಂದ? ಹೊಗೆಯಿಂದ. ಹೊಗೆ ಬರೋದು ಯಾವುದರಿಂದ? ಕಟ್ಟಿಗೆಯಿಂದ. ನಾನು ಹಾಕೋದು ಇದ್ದಿಲು. ಇದ್ದಿಲಿಗೆ ಹೊಗೆ ಎಲ್ಲಿದೆ ಹೇಳಿ?"

ಹೆಗಡೆಯವರು ಯೋಚಿಸಿದರು. "ಹೌದಲ್ರೋ! ಹೊಗೆನೇ ಇಲ್ಲೆ ಅಂದ್ಮೇಲೆ ಎಂತ ಹೆದ್ರಿಕೆ?"

ಇಬ್ಬರು ತಿಳಿದವರು ಒಮ್ಮತಕ್ಕೆ ಬಂದ ಮೇಲೆ ಶೆಗಡಿ ಮನೆಯ ಹಾಲ್‌ನ ನಡುವೆ ಪ್ರತಿಷ್ಠಾಪನೆಯಾಯಿತು. ಮೇಲೆ ಮೊಳದುದ್ದದ ಒಂದು ಕೊಳವೆ ಇತ್ತು. ಹೊಸ ಸೀಲಿಂಗಿಗೆ ಮಸಿ ಹಿಡಿದೀತೆಂದು ಅದನ್ನು ಕಿತ್ತು ಅಟ್ಟಕ್ಕೆ ಹಾಕಿದೆ.

ಆ ಸಂಜೆಯನ್ನು ಈಗಲೂ ಮರೆತಿಲ್ಲ. ಬಾಗಿಲುಗಳೆಲ್ಲ ಭದ್ರ, ಮನೆಯೆಲ್ಲ ಬೆಚ್ಚಗೆ. ಅವ್ವ ಶೆಗಡಿಯ ಮುಂದೆ ಕುರ್ಚಿ ಹಾಕಿಕೊಂಡು ಕೂತು, ಹೆಗಲಿನ ಶಾಲು ತೆಗೆದು ಮಡಿಸಿ ಇಟ್ಟಳು.

"ಈಗ ಮನಿ ಮನಿಯಂಗಾತು ನೋಡು. ಶಿವರಾತ್ರಿ ಮುಗಿಸೇ ಹೋಗ್ತೀನಿ." ಕಾಲನ್ನು ಶೆಗಡಿಯ ಕಡೆ ಚಾಚಿ, "ಹೋಗ್ದಿದ್ರೂ ನಡೀತೈತಿ" ಎಂದಳು.

ನಾನು ಅಡುಗೆಮನೆಗೆ ಓಡಿಹೋಗಿ ಶರಣನಿಗೆ ಫೋನು ಮಾಡಿ, ಅವ್ವನ ಉಳಿದ ಸೀರೆಗಳನ್ನೆಲ್ಲ ಕಳಿಸಿಬಿಡು ಎಂದೆ. ನನ್ನ ಹೆಂಡತಿ ಗಂಗಾಂಬಿಕಾ ಆ ಸಂತೋಷಕ್ಕೆ ಹಪ್ಪಳ ಕರಿದಳು. ಹೆಗಡೆಯವರ ಹೆಂಡತಿ ನೀಲಾ ಕೊಟ್ಟ ಹಲಸಿನ ಹಪ್ಪಳ.

ಬೆಳಿಗ್ಗೆ ಎದ್ದಾಗ ಮೂವರಿಗೂ ತಲೆನೋವು. ಗಂಗಾಂಬಿಕಾ ಎರಡು ಸಲ ವಾಂತಿ ಮಾಡಿಕೊಂಡು ಬಂದು, "ಆ ಹಪ್ಪಳದಾಗ ಏನೋ ಇತ್ತರಿ" ಎಂದಳು. ಇದನ್ನು ಅವಳು ಕಾಂಪೌಂಡಿನ ಹತ್ತಿರ ನಿಂತು ಹೇಳಬಾರದಿತ್ತು.

ಆ ಸಂಜೆಯೇ ನೀಲಾ ಒಂದು ಡಬ್ಬಿ ಹಪ್ಪಳ ಹಿಡಿದು ನಮ್ಮ ಮನೆಗೆ ಬಂದರು. ಗಂಗಾಂಬಿಕೆಯಿಂದಲೇ ಕರಿಸಿ, ಹಾಲಿನ ನಡುವೆ ಶೆಗಡಿಯ ಪಕ್ಕ ಕೂತು, ನಮ್ಮೆಲ್ಲರ ಎದುರು ಒಂದೊಂದಾಗಿ ಆರು ಹಪ್ಪಳ ತಿಂದರು. ಎರಡು ತಾಸು ಜಗ್ಗದೆ ಕೂತರು. ಆಮೇಲೆ ಮುಖ ಬಿಳಿಚಿ, ಬಾಯಿಗೆ ಸೆರಗು ಹಿಡಿದು ಓಡಿದರು. ಕಾಂಪೌಂಡಿನ ಆಚೆಯಿಂದ ಅವರು ಗಂಡನಿಗೆ ಹೇಳುವುದು ನಮಗೆ ಸ್ಪಷ್ಟವಾಗಿ ಕೇಳಿತು.

"ಹಪ್ಪಳದಲ್ಲಿ ಎಂತೂ ಇಲ್ಲೆ. ಆ ಮನೆಲೇ ಎಂತೋ ಇದ್ದು. ಆನು ಇನ್ನು ಅಲ್ಲಿಗೆ ಹೋಗ್ತ್ನಿಲ್ಲೆ."

ಹಪ್ಪಳದ ಮಾನ ಉಳಿಯಿತು, ಮನೆಯ ಮಾನ ಹೋಯಿತು. ಮರುದಿನ ಹಾಲಿನವನು ಗೇಟಿನ ಹೊರಗೇ ಹಾಲು ಇಟ್ಟು ಹೋದ.

ನಾವೂ ಗಮನಿಸಿದೆವು. ನಾನು ಅಂಗಡಿಗೆ ಹೋಗಿ ಒಂದು ತಾಸಿಗೆ ತಲೆ ಹಗುರಾಗುತ್ತಿತ್ತು. ಗಂಗಾಂಬಿಕಾ ಬಟ್ಟೆ ಒಣಹಾಕಲು ಟೆರೇಸಿಗೆ ಹೋದರೆ ಸರಿಯಾಗುತ್ತಿದ್ದಳು. ಅವ್ವ ಹಗಲು ಕಟ್ಟೆಯ ಮೇಲೆ ಕೂತರೆ ಚೆನ್ನಾಗಿ ಮಾತಾಡುತ್ತಿದ್ದಳು. ಸಂಜೆ ಒಳಗೆ ಬಂದು, ಬಾಗಿಲು ಹಾಕಿ, ಶೆಗಡಿ ಹೊತ್ತಿಸಿ ಕೂತರೆ ಮತ್ತೆ ತಲೆ ಹಿಡಿಯುತ್ತಿತ್ತು. ಬುದ್ಧಿ ಇದ್ದವರಿಗೆ ಇಷ್ಟು ಸಾಕಿತ್ತು. ನಾವು ಸೋಮನನ್ನು ಕರೆಸಿದೆವು.

ಸೋಮ ಗಂಗಾಂಬಿಕೆಯ ಚಿಕ್ಕಪ್ಪನ ಮಗ. ಬೋರ್‌ವೆಲ್ ಪೈಪಿನ ವ್ಯಾಪಾರ, ಬಿಡುವಿನಲ್ಲಿ ವಾಸ್ತು. ಫೋನಿನ ದಿಕ್ಸೂಚಿ ಹಿಡಿದು ಹಾಲಿನಲ್ಲಿ ಮೂರು ಸುತ್ತು ತಿರುಗಿ, ಶೆಗಡಿಯ ಮುಂದೆ ನಿಂತು ಹಣೆ ಹಣೆ ಬಡಿದುಕೊಂಡ.

"ಮಾವಾರ, ಹಾಲ್ ಇರೂದ ಮನಿ ಈಶಾನ್ಯದಾಗ, ಅಗ್ನೀನ ಒಯ್ದು ಅಲ್ಲೇ ಇಟ್ಟೀರಲ್ರಿ! ದೇವ ಮೂಲಿ ಅದು. ದೇವರ ಮಾರಿಗೆ ಬೆಂಕಿ ಹಿಡದ್ರ ಸುಮ್ನ ಕುಂದರ್ತಾನೇನ್ರಿ?"

"ಮತ್ತ ಎಲ್ಲಿ ಇಡಬೇಕೋ?"

"ಆಗ್ನೇಯ ಮೂಲಿಗೆ ಇಡ್ರಿ. ಬೆಂಕಿ ತನ್ನ ಜಾಗಕ್ಕ ತಾನು ಹೋತು ಅಂದ್ರ ತಲಿನೋವು ಅದರ ಹಿಂದ ಹೋಕ್ಕತಿ."

ಆಗ್ನೇಯ ಮೂಲೆಯಲ್ಲಿದ್ದದ್ದು ಅವ್ವನ ಕೋಣೆ. ಹತ್ತಡಿ ಉದ್ದ, ಒಂಬತ್ತಡಿ ಅಗಲ, ಒಂದೇ ಕಿಟಕಿ. ಅವ್ವನಿಗೆ ಎರಚಲು ಬಡಿಯದಿರಲೆಂದು ಆ ಕಿಟಕಿಗೆ ನಾನು ಎರಡು ಪದರ ಸಿಲಿಕೋನ್ ಹಾಕಿದ್ದೆ. ಶೆಗಡಿಯನ್ನು ನಾನೂ ಸೋಮನೂ ಏದುಸಿರು ಬಿಡುತ್ತ ಅಲ್ಲಿಗೆ ಸಾಗಿಸಿದೆವು. ಅವ್ವ ಮಂಚದ ಮೇಲೆ ಕಾಲು ಮಡಚಿಕೊಂಡು ಜಾಗ ಬಿಟ್ಟಳು.

"ಹಂಗ ದೃಷ್ಟಿನೂ ತಗದುಬಿಡ್ರಿ ಅಕ್ಕಾ" ಎಂದ ಸೋಮ. "ಬಾಗ್ಲ ಹಾಕ್ರಿ, ಇಲ್ಲಾಂದ್ರ ಶಕ್ತಿ ಎಲ್ಲಾ ಹೊರಗ ಹೋಕ್ಕತಿ."

ಗಂಗಾಂಬಿಕಾ ಒಣಮೆಣಸಿನಕಾಯಿ, ಉಪ್ಪು, ಸಾಸಿವೆ ಮುಷ್ಟಿಯಲ್ಲಿ ಹಿಡಿದು ಅವ್ವನಿಗೆ ನಿವಾಳಿಸಿ ಕೆಂಡಕ್ಕೆ ಹಾಕಿದಳು. ನಮ್ಮ ಕಡೆ ಲೆಕ್ಕ ಹೀಗೆ: ಮೆಣಸಿನಕಾಯಿ ಸುಟ್ಟರೂ ಘಾಟು ಬರದಿದ್ದರೆ ದೃಷ್ಟಿ ಆಗಿದೆ, ಘಾಟು ಬಂದರೆ ಆಗಿಲ್ಲ. ಘಾಟು ಬಂತು. ನಾಲ್ಕೂ ಜನ ಕೆಮ್ಮಿ ಕೆಮ್ಮಿ ಗೋಡೆಗೆ ಬಿದ್ದೆವು. ಸೋಮನ ಮೀಸೆ ಕಣ್ಣೀರಿನಲ್ಲಿ ತೊಯ್ದುಹೋಯಿತು. ಅವನು ಹೊರಗೆ ಬಂದು ಉಸಿರು ತಿರುಗಿದ ಮೇಲೆ ಬಹಳ ಗಂಭೀರವಾಗಿ ಹೇಳಿದ.

"ದೃಷ್ಟಿ ಅಲ್ರಿ ಮಾವಾರ. ಅಂದ್ರ ಇದು ದೃಷ್ಟಿಗಿಂತ ದೊಡ್ಡದೈತಿ."

ಮರುದಿನ ಬೆಳಿಗ್ಗೆ ಅವ್ವ ಏಳಲಿಲ್ಲ. ಕಷಾಯ ಹಿಡಿದು ಹೋಗಿ ಎಬ್ಬಿಸಿದೆ. ಕಣ್ಣು ತೆರೆದು ನನ್ನನ್ನು ನೋಡಿ, "ಯಾವಾಗ ಬಂದ್ರಿ? ಎತ್ತಿಗೆ ನೀರು ಕುಡಿಸಿದ್ರೇನು?" ಎಂದು ಕೇಳಿದಳು. ಅದು ಅವಳು ಅಪ್ಪನೊಡನೆ ಮಾತಾಡುತ್ತಿದ್ದ ರೀತಿ. ಅಪ್ಪ ತೀರಿಕೊಂಡು ಹನ್ನೊಂದು ವರ್ಷ. ಕಷಾಯದ ಲೋಟ ಅಲ್ಲೇ ಇಟ್ಟು ಗಂಗಾಂಬಿಕೆಯನ್ನು ಕೂಗಿದೆ. ಅವಳನ್ನು ಎತ್ತಿಕೊಂಡು ಬಂದು ಕಟ್ಟೆಯ ಮೇಲೆ ಬಿಸಿಲಿಗೆ ಕೂರಿಸಿದೆವು. ಮಧ್ಯಾಹ್ನದ ಹೊತ್ತಿಗೆ ಚೇತರಿಸಿಕೊಂಡು, "ಶರಣಗ ಫೋನ್ ಮಾಡು" ಎಂದಳು.

ಆ ಹೊತ್ತಿಗೆ ನನಗೆ ಆಸ್ಪತ್ರೆ ನೆನಪಾಗಬೇಕಿತ್ತು. ಆಗಲಿಲ್ಲ. ಹದಿನೈದು ದಿನ ತುಂಬಲು ಇನ್ನು ನಾಲ್ಕು ದಿನ ಇದೆ, ಅದಕ್ಕೂ ಮೊದಲೇ ಹೊರಟಳಲ್ಲ ಎಂಬುದೇ ನನ್ನ ಸಂಕಟವಾಗಿತ್ತು.

ಶರಣ ಸಂಜೆ ಐದಕ್ಕೆ ತನ್ನ ಹಳೆಯ ಕಾರಿನಲ್ಲಿ ಬಂದ. ಚಕ್ರಕ್ಕೆ ಒಂದೊಂದರಂತೆ ನಾಲ್ಕು ನಿಂಬೆಹಣ್ಣು ಇಟ್ಟು, ಐದನೆಯದನ್ನು ಜೇಬಿನಲ್ಲಿ ಇಟ್ಟುಕೊಂಡು ಒಳಗೆ ಬಂದ. ಅಂದರೆ ಸುದ್ದಿ ಬನವಾಸಿ ಮುಟ್ಟಿತ್ತು.

"ಅಣ್ಣಾ, ಜಗಳ ಬ್ಯಾಡ. ಅವ್ವನ್ನ ಕರ್ಕೊಂಡು ಹೋಗ್ತೀನಿ."

"ಏನೂ ಇಲ್ಲೋ ಮನ್ಯಾಗ! ನೀನ ಅವ್ವನ ಖೋಲ್ಯಾಗ ಒಂದ ತಾಸು ಕುಂದ್ರು. ನಿನಗ ಏನರ ಆದ್ರ ಕರ್ಕೊಂಡು ಹೋಗು. ಏನೂ ಆಗ್ಲಿಲ್ಲಂದ್ರ ಅವ್ವ ಇಲ್ಲೇ ಇರ್ತಾಳ."

"ಆತು" ಎಂದ ಶರಣ. ಅವ್ವ ಚಳಿ ಎಂದು ಒಳಗೆ ಹೋಗಿ ಮಂಚದ ಮೇಲೆ ಮಲಗಿದಳು. ಶರಣ ಕುರ್ಚಿ ಎಳೆದುಕೊಂಡು ಕೂತ. ಬನವಾಸಿಯಿಂದ ಬಂದ ತಮ್ಮನಿಗೆ ನನ್ನ ಮನೆಯಲ್ಲಿ ಏನೂ ಕೊರತೆಯಾಗಬಾರದು. ಶೆಗಡಿಗೆ ಇನ್ನೂ ಒಂದು ಬುಟ್ಟಿ ಇದ್ದಿಲು ಸುರಿದೆ, ಕೆಂಡ ನಿಗಿನಿಗಿ ಎಂದ ಮೇಲೆ ಬಾಗಿಲು ಎಳೆದುಕೊಂಡು ಬಂದೆ. ರಬ್ಬರ್ ಪಟ್ಟಿ ಚೆನ್ನಾಗಿ ಕೂತುಕೊಂಡಿತು.

ತಾಸು ತುಂಬುವ ಮೊದಲೇ ಬಾಗಿಲು ತೆರೆಯಿತು. ಶರಣ ಹೊಸ್ತಿಲ ಮೇಲೆ ನಿಂತಿದ್ದ, ಕುಡಿದವರ ಹಾಗೆ ಓಲಾಡುತ್ತಿದ್ದ.

"ಅಪ್ಪ ಬಂದಿದ್ದ" ಎಂದ. "ಮಂಚದ ಮ್ಯಾಲ ಕುಂತಿದ್ದ. ನನ್ನ ಜ್ವಾಳದ ಹೊಲದ ಸುದ್ದಿ ಕೇಳಿದ."

ಅಷ್ಟು ಹೇಳಿ ಮೊಣಕಾಲು ಮಡಚಿ ಬಿದ್ದ. ನಾನು ಅವನನ್ನು ದಾಟಿಕೊಂಡು ಒಳಗೆ ನುಗ್ಗಿದೆ. ಅವ್ವಾ ಎಂದೆ. ಹೆಗಲು ಹಿಡಿದು ಅಲುಗಿಸಿದೆ. ತಲೆ ಒಂದು ಕಡೆ ವಾಲಿತು. ಆಮೇಲೆ ನಾನು ಏನು ಕೂಗಿದೆನೋ ನನಗೆ ಗೊತ್ತಿಲ್ಲ, ಹೆಗಡೆಯವರ ಮನೆಯವರೆಗೂ ಕೇಳಿಸಿತಂತೆ.

ಹೆಗಡೆಯವರು ಅಷ್ಟರಲ್ಲಿ ಒಂದು ಒಳ್ಳೆಯ ಕೆಲಸ ಮಾಡಿದ್ದರು. ಅವ್ವನ ಕಿಟಕಿಯ ಗಾಜಿನಲ್ಲಿ ಕೆಂಪು ಬೆಳಕು ಕಂಡು, ಮನೆಗೆ ಬೆಂಕಿ ಬಿತ್ತೆಂದು ಅಗ್ನಿಶಾಮಕ ಠಾಣೆಗೆ ಫೋನು ಮಾಡಿದ್ದರು. ನನ್ನ ಕೂಗು ನಿಲ್ಲುವ ಮೊದಲೇ ಗಂಟೆ ಬಾರಿಸುತ್ತ ಕೆಂಪು ಲಾರಿ ಬಂದು ನಮ್ಮ ಗೇಟಿಗೆ ನಿಂತಿತು. ಅದರ ಹಿಂದೆ ಇಸಳೂರು ಇಡೀ ಬಂತು, ಟೊಪ್ಪಿಗೆ ಮಫ್ಲರು ಸಮೇತ. ಅಧಿಕಾರಿಯ ಹೆಸರು ಆನಂದ. ಬೆಂಕಿ ಎಲ್ಲಿ ಎಂದು ಹುಡುಕಿಕೊಂಡು ಒಳಗೆ ಬಂದವರು ಶೆಗಡಿಯನ್ನೂ ಅವ್ವನನ್ನೂ ನೋಡಿ ಒಂದು ಕ್ಷಣವೂ ನಿಲ್ಲಲಿಲ್ಲ. ಅವ್ವನನ್ನು ಎತ್ತಿಕೊಂಡು ಹೊರಗೆ ಓಡಿದರು. ಉಳಿದವರು ಶರಣನನ್ನು ಎಳೆದರು.

"ಕಿಟಕಿ ತೆಗೀರಿ!" ಎಂದು ಅಲ್ಲಿಂದಲೇ ಕೂಗಿದರು.

"ತೆಗೆಯೋಕೆ ಬರೋದಿಲ್ಲ ಸರ್. ಸಿಲಿಕೋನ್ ಹಾಕಿದೀನಿ. ಇಪ್ಪತ್ತು ವರ್ಷ ಗ್ಯಾರಂಟಿ" ಎಂದೆ. ಕೌಂಟರಿನ ಮಾತು, ತಾನಾಗಿ ಬಾಯಿಗೆ ಬಂತು.

ಕೊಡಲಿಯ ಒಂದೇ ಏಟಿಗೆ ಗಾಜು ಹೋಯಿತು. ಅಂಗಳದಲ್ಲಿ ಅವ್ವನ ಮೂಗಿಗೆ ಆಮ್ಲಜನಕದ ನಳಿಗೆ ಹಿಡಿದರು. ಎಷ್ಟು ಹೊತ್ತೋ ಗೊತ್ತಿಲ್ಲ. ಕೊನೆಗೆ ಅವ್ವ ಕೆಮ್ಮಿ ಕಣ್ಣು ಬಿಟ್ಟು, ಅಧಿಕಾರಿಯ ಹಿತ್ತಾಳೆ ಗುಂಡಿಗಳನ್ನು ನೋಡಿ, "ಯಾರಪಾ ನೀನು? ಊಟ ಆತಾ?" ಎಂದು ಕೇಳಿದಳು. ನಾನು ಅಲ್ಲೇ ನೆಲಕ್ಕೆ ಕೂತು ಎಲ್ಲರೆದುರು ಗೊಳೋ ಎಂದು ಅತ್ತೆ.

ಆನಂದ ಅವರು ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ಶಾಲೆಯ ಮಾಸ್ತರರ ಹಾಗೆ ನಿಧಾನವಾಗಿ, ಇಡೀ ಇಸಳೂರಿಗೆ ಕೇಳುವಂತೆ ಹೇಳಿದರು. "ಹೊಗೆ ಕಾಣದಿದ್ದರೂ ಕೆಂಡದಿಂದ ವಿಷದ ಅನಿಲ ಬರುತ್ತೆ. ಬಣ್ಣ ಇಲ್ಲ, ವಾಸನೆ ಇಲ್ಲ. ಮೊದಲು ತಲೆನೋವು, ಆಮೇಲೆ ವಾಂತಿ, ಆಮೇಲೆ ಬುದ್ಧಿಭ್ರಮೆ, ಕೊನೆಗೆ ನಿದ್ದೆ. ಆ ನಿದ್ದೆಯಿಂದ ಯಾರೂ ಏಳೋದಿಲ್ಲ. ಇದನ್ನ ಅಂಗಳದಲ್ಲಿ, ಗೋಡೆಯಿಂದ ದೂರ ಇಟ್ಟು ಕಾಯಿಸಿಕೊಳ್ಳಬೇಕು. ಹೊರಗೆ ಅಂತ ಇದರ ಮೇಲೇ ಬರೆದಿದೆಯಲ್ಲ, ಓದಲಿಲ್ಲವಾ?"

"ಓದಿದ್ದೆ ಸರ್" ಎಂದೆ. ಹೆಗಡೆಯವರು ಮೆಲ್ಲಗೆ ಗುಂಪಿನ ಹಿಂದೆ ಸರಿದರು.

ಅವ್ವನನ್ನೂ ಶರಣನನ್ನೂ ಆಸ್ಪತ್ರೆಯಲ್ಲಿ ಎರಡು ದಿನ ಇರಿಸಿಕೊಂಡರು. ಆ ಎರಡು ದಿನದಲ್ಲಿ ನಾನು ಮನೆಯ ಹೆಸರು ಉಳಿಸಲು ಹೊರಟೆ. ದೆವ್ವದ ಮನೆಗೆ ಅವ್ವ ಮತ್ತೆ ಕಾಲಿಡುವುದಿಲ್ಲ, ಆದ್ದರಿಂದ ದೆವ್ವ ಇಲ್ಲವೆಂದು ಊರೇ ಒಪ್ಪಬೇಕು. ಒಪ್ಪಿಸಲು ಇದ್ದ ದಾರಿ ಒಂದೇ, ನಾನು ಶತಮೂರ್ಖನೆಂದು ಸಾಬೀತು ಮಾಡುವುದು. ಇದು ಸುಲಭವೆಂದು ತಿಳಿದಿದ್ದೆ.

"ಛೆ ಛೆ" ಎಂದರು ಹೆಗಡೆಯವರು. "ನಿಮ್ಮಂತ ತಿಳಿದವರು ಕೆಂಡ ಇಟ್ಕಂಡು ಬಾಗ್ಲು ಹಾಕ್ಕೊಳ್ತಾರಾ? ಬಂದಿದ್ದು ನಿಮ್ಮಪ್ಪ ಅಂದ್ರೆ ಅವರ ಹೆಸರು ಕೆಡ್ತು ಅಂತ ಎಲ್ಲಾ ನಿಮ್ಮ ತಲೆ ಮೇಲೆ ಹಾಕ್ಕೊಳ್ತಾ ಇದ್ದೀರಿ. ನಂಗೆ ಗೊತ್ತಾಗ್ತು ಬಿಡಿ."

"ಅಧಿಕಾರಿ ಹೇಳಿದ್ದನ್ನು ನೀವೇ ಕೇಳಿದಿರಲ್ಲ!"

"ಸರ್ಕಾರದವರು ಹಾಂಗೇ ಹೇಳ್ಬೇಕು. ದೆವ್ವ ಅಂತ ರಿಪೋರ್ಟ್ ಬರೆಯೂಕೆ ಬತ್ತಾ?"

ಅಂಗಡಿಗೆ ಇಬ್ಬರು ಹೆಂಗಸರು ಬಂದು ನಮ್ಮ ಮನೆಗೆ ಹಾಕಿದ ಸಿಲಿಕೋನ್ ಯಾವುದೆಂದು ಕೇಳಿದರು. ಅದನ್ನು ಬಿಟ್ಟು ಬೇರೆಯದು ಬೇಕಂತೆ. ಎಲ್ಲ ಸಂದಿ ಮುಚ್ಚಿದ್ದರಿಂದ ಒಳಗಿದ್ದದ್ದಕ್ಕೆ ಹೊರಗೆ ಹೋಗಲು ದಾರಿಯಿರಲಿಲ್ಲವಂತೆ, ಪಾಪ. ದೆವ್ವದ ಮೇಲೂ ಮರುಕ ಬಂತು ಜನಕ್ಕೆ, ನನ್ನ ಮೇಲೆ ಬರಲಿಲ್ಲ. ಸೋಮ ಫೋನು ಮಾಡಿ, ದೃಷ್ಟಿಗಿಂತ ದೊಡ್ಡದು ಎಂದು ತಾನು ಮೊದಲೇ ಹೇಳಿದ್ದನ್ನು ನೆನಪಿಸಿದ. ಆಸ್ಪತ್ರೆಯ ಹಾಸಿಗೆಯ ಮೇಲೆ ಶರಣ, "ನೀ ಏನರ ಅನ್ನು ಅಣ್ಣಾ, ಅಪ್ಪ ಬಂದಿದ್ದು ಖರೆ" ಎಂದು ಗೋಡೆಯ ಕಡೆ ತಿರುಗಿದ.

ಮೂರನೇ ದಿನ ಬೆಳಿಗ್ಗೆ ಅವ್ವ ಮನೆಗೆ ಬಂದಳು. ನಾನು ಎಲ್ಲ ಕಿಟಕಿಗಳ ಸಿಲಿಕೋನನ್ನು ಚಾಕುವಿನಿಂದ ಕೆತ್ತಿ ತೆಗೆದಿದ್ದೆ, ಗಾಳಿಕಿಂಡಿಗಳ ಸಿಮೆಂಟು ಒಡೆಸಿದ್ದೆ, ಶೆಗಡಿಯನ್ನು ಅಂಗಳದ ನಟ್ಟನಡುವೆ ಇಟ್ಟಿದ್ದೆ. ಮನೆಯ ತುಂಬ ಥಂಡಿ ಗಾಳಿ ಓಡಾಡುತ್ತಿತ್ತು. ಅವ್ವ ಯಾವುದನ್ನೂ ನೋಡಲಿಲ್ಲ. ಕೋಣೆಗೆ ಹೋಗಿ ಸೀರೆ ಮಡಿಸತೊಡಗಿದಳು.

"ಅವ್ವಾ" ಎಂದೆ. "ಮನ್ಯಾಗ ದೆವ್ವ ಇಲ್ಲವ್ವಾ. ಎಲ್ಲಾ ನಾನ ಮಾಡಿದ್ದು."

"ಗೊತ್ತೈತಿ" ಎಂದಳು ಅವ್ವ.

ಇಡೀ ತಾಲೂಕಿನಲ್ಲಿ ನಂಬಿದವಳು ಇವಳೊಬ್ಬಳು. "ಊರಾಗ ಯಾರೂ ನಂಬವಲ್ರವ್ವಾ. ಶಿವಪುತ್ರಪ್ಪ ಹಂತಾ ಕೆಲಸ ಮಾಡಾವಲ್ಲ ಅಂತಾರ."

"ಅವರೇನು ನಿನ್ನ ಹಡದಾರೇನು?"

"ಮತ್ತ ಯಾಕ ಹೊಂಟಿ? ದೆವ್ವ ಇಲ್ಲ ಅಂತ ನಿನಗ ಗೊತ್ತೈತಲ್ಲ!"

ಅವ್ವ ಕೊನೆಯ ಸೀರೆಯನ್ನು ಚೀಲಕ್ಕೆ ಹಾಕಿ, ನನ್ನ ಕೆನ್ನೆ ಸವರಿದಳು. ಅವಳ ಕೈ ತಣ್ಣಗಿತ್ತು.

"ದೆವ್ವ ಇದ್ದಿದ್ರ ಇರ್ತಿದ್ದೆ ತಮ್ಮಾ. ಒಂದ ಕಾಯಿ ಒಡಸಿ, ಅಯ್ನೋರ್ನ ಕರಸಿ ಅದನ್ನ ಕಳಸಬಹುದಿತ್ತು."

ಶರಣ ಕಾರು ಚಾಲೂ ಮಾಡಿ ಕೂತಿದ್ದ. ನಾನು ಅವ್ವನನ್ನು ಕೈಹಿಡಿದು ಕೂರಿಸಿ, ಕಾಲ ಮೇಲೆ ಶಾಲು ಹೊದಿಸಿ, ಚಳಿಯಾಗದಿರಲೆಂದು ಬಾಗಿಲು ಹಾಕಿ ಗಾಜು ಏರಿಸಿದೆ. ಕಾರು ಹೊರಟಿತು. ಗೇಟು ದಾಟುವಾಗ ಅವ್ವನ ಕಡೆಯ ಗಾಜು ಕೆಳಗಿಳಿಯಿತು. ನನಗೆ ಕೈ ಬೀಸಲಿಕ್ಕೆ ಇಳಿಸಿದಳೆಂದು ನಾನು ಎರಡೂ ಕೈ ಎತ್ತಿದೆ. ಅವ್ವ ಈ ಕಡೆ ತಿರುಗಲಿಲ್ಲ. ಮುಖವನ್ನು ಹೊರಗೆ ಚಾಚಿ, ಬಾಯಿ ತೆರೆದು, ಆ ಚಳಿಗಾಳಿಯನ್ನು ಗಟಗಟ ಕುಡಿಯುತ್ತಿದ್ದಳು.